ಗುಡುಗಿಗೊಂದು ಸ್ಕ್ರಿಪ್ಟು

"ಇನ್ಮೇಲೆ ಗುಡುಗು ಬಂದ್ರೆ ಪ್ಲಗ್ ಕೀಳಕ್ಕೆ ಈ ಮನೇಲಿ ಯಾರೂ ಓಡ್ಬೇಕಾಗಿಲ್ಲ!"

ರಾಜೇಂದ್ರ ಹೀಗೆ ಘೋಷಿಸಿದಾಗ ಇಡೀ ಹೊಸನಗರಕ್ಕೇ ಅಭಯ ಕೊಟ್ಟಂತಿತ್ತು. ಸಾಗರ ಪೇಟೆಯಲ್ಲಿ ಮೂರು ದಿನ ಲಿನಕ್ಸ್ ಕಂಪ್ಯೂಟರ್ ತರಬೇತಿ ಮುಗಿಸಿ ಬಂದವನ ಠೀವಿ ಅದು! ಮೈಕಿಗೆ ಜೋರು ಸದ್ದು ಕೇಳಿದರೆ ಸಾಕು, ಅವನು ಬರೆದ ಸ್ಕ್ರಿಪ್ಟು ಎಂಬ ಪುಟ್ಟ ಪ್ರೋಗ್ರಾಮು ಕಂಪ್ಯೂಟರಿನ ಯುಎಸ್‌ಬಿ ತೂತುಗಳಿಗೆ ಸಿಕ್ಕಿಸಿದ್ದಕ್ಕೆಲ್ಲ ಕರೆಂಟು ಕಡಿಯುತ್ತದೆ; ಸದ್ದಡಗಿದರೆ ಮತ್ತೆ ಕೊಡುತ್ತದೆ.

"ಮೇನ್ ಪ್ಲಗ್ ಹಂಗೇ ಇರತ್ತಲ್ರೀ?" ಎಂದಳು ಹೆಂಡತಿ ಸುಚಿತ್ರಾ.

"ಅದು ಎರಡನೇ ಹಂತ!"

"ಎಂತದಾದ್ರೂ ಮಾಡ್ಕಳಿ ಮಾರಾಯ್ರೆ. ನಾಳೆ ಹನ್ನೊಂದು ಗಂಟೆಗೆ ಮಾತ್ರ ಅದನ್ನ ಮುಟ್ಬೇಡಿ."

ಮರುದಿನ ಹನ್ನೊಂದಕ್ಕೆ ಅವಳಿಗೆ ತೀರ್ಥಹಳ್ಳಿಯ ಶಾಲೆಯೊಂದರ ಟೀಚರ್ ಕೆಲಸಕ್ಕೆ ಆನ್‌ಲೈನ್ ಸಂದರ್ಶನ. ಆರು ವರ್ಷ ಅರ್ಜಿ ಹಾಕಿ ಹಾಕಿ ಬಂದ ಮೊದಲ ಕರೆ! ರಾಜೇಂದ್ರ ಕಂಪ್ಯೂಟರು ಮುಟ್ಟಲಿಲ್ಲ. ಮುಟ್ಟದೆ ಇದ್ದುದರಿಂದ ಸ್ಕ್ರಿಪ್ಟನ್ನು ನಿಲ್ಲಿಸಲೂ ಇಲ್ಲ. ಬದಲಿಗೆ, ಹೆಂಡತಿಗೆ ನೆರವಾಗೋಣವೆಂದು ತಾನೇ ಕುಕ್ಕರಿನಲ್ಲಿ ಅನ್ನಕ್ಕಿಟ್ಟ.

ಸುಚಿತ್ರಾ "ನಮಸ್ಕಾರ ಸರ್" ಎಂದದ್ದೇ ತಡ, ಅಡುಗೆಮನೆಯಿಂದ ಮೊದಲ ವಿಷಲ್! ಕ್ಯಾಮೆರಾ ಕುರುಡಾಯಿತು, ಮೈಕು ಕಿವುಡಾಯಿತು, ನೆಟ್ ಡಾಂಗಲಿನ ದೀಪ ಆರಿತು.

"ರೀ! ಎಂತ ಮಾಡಿದ್ರಿ?"

"ಗಾಬರಿ ಬೇಡ, ಸದ್ದು ನಿಂತ್ಮೇಲೆ ತಂತಾನೇ ಬರತ್ತೆ."

ಬರಲಿಲ್ಲ. ಸದ್ದು ನಿಂತದ್ದನ್ನು ಕೇಳಿಸಿಕೊಳ್ಳಲು ಮೈಕು ಬೇಕು, ಮೈಕಿಗೆ ಕರೆಂಟಿಲ್ಲ. ಸ್ಕ್ರಿಪ್ಟು ನಿಲ್ಲಿಸಲು ಕೀಬೋರ್ಡು ಬೇಕು, ಅದಕ್ಕೂ ಇಲ್ಲ! ಕೂತ ಕೊಂಬೆಯನ್ನೇ ಕಡಿದುಕೊಂಡ ರಾಜೇಂದ್ರ ಕಂಗಾಲಾಗಿ ಮೇನ್ ಪ್ಲಗ್ ಕಿತ್ತು ಮತ್ತೆ ಹಾಕಿದ. ಕಂಪ್ಯೂಟರು ಎದ್ದಿತು. ಜೊತೆಗೆ ಸ್ಕ್ರಿಪ್ಟೂ ಎದ್ದಿತು; ಹಾಗೆ ಏಳುವಂತೆ ಮಾಡಿಟ್ಟ ಜಾಣನೂ ಅವನೇ. ಅದನ್ನು ನಿಲ್ಲಿಸುವ ಕಮಾಂಡಿನ ಕೊನೆಯ ಅಕ್ಷರಕ್ಕೆ ಬೆರಳಿಡುವಷ್ಟರಲ್ಲಿ ಎರಡನೇ ವಿಷಲ್!

"ಒಲೆ ಆರ್ಸಕ್ಕೂ ಸ್ಕ್ರಿಪ್ಟ್ ಬೇಕಾ ನಿಮಗೆ?"

ಸುಚಿತ್ರಾಳ ಕಣ್ಣು ತುಂಬಿತ್ತು. ಫೋನು ಹಿಡಿದುಕೊಂಡು, ಸಿಗ್ನಲ್ ಸಿಗುವ ಎದುರುಮನೆ ವರದಮ್ಮನ ಜಗಲಿಗೆ ಓಡಿದಳು.

ರಾಜೇಂದ್ರ ಒಲೆ ಆರಿಸಿ ಬಂದು, ಕಂಪ್ಯೂಟರಿನ ಮುಂದೆ ಕೂತ. ಅವಳ ಆರು ವರ್ಷದ ಆಸೆಗೆ ಕೈಯಾರೆ ಕೊಳ್ಳಿ ಇಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಆಗ ಗುಡುಗಿತು ನೋಡಿ, ನಿಜವಾದ ಗುಡುಗು! ಕಂಪ್ಯೂಟರಿಗೆ ಕೇಳಿಸಲೇ ಇಲ್ಲ. ಅದರ ಕಿವಿ ಆಗಲೇ ಹೋಗಿತ್ತಲ್ಲ! ಅವನು ತೆಪ್ಪಗೆ ಎದ್ದು ಹೋಗಿ ಪ್ಲಗ್ ಕಿತ್ತ.

ಅರ್ಧ ಗಂಟೆಯ ಮೇಲೆ ಸುಚಿತ್ರಾ ಬಂದಳು. ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

"ಎಂತಾಯ್ತು?" ಎಂದು ನೆಲ ನೋಡುತ್ತಾ ಕೇಳಿದ.

"ಸೋಮವಾರದಿಂದ ಬನ್ನಿ ಅಂದ್ರು."

"ಹೌದಾ! ಎಂತ ಪ್ರಶ್ನೆ ಕೇಳಿದ್ರು?"

"ಹೇಳಿದ ಮಾತು ಕೇಳದ ಮಕ್ಕಳನ್ನ ಸಂಭಾಳಿಸಿ ಅಭ್ಯಾಸ ಇದ್ಯಾ ಅಂತ ಕೇಳಿದ್ರು. ಎದುರುಮನೆಯಿಂದ ಯಾಕೆ ಮಾತಾಡ್ತಿದೀನಿ ಅಂತ ಹೇಳ್ದೆ. ಆಮೇಲೆ ಅವರು ಎಂತದೂ ಕೇಳ್ಲಿಲ್ಲ."