ಮುನ್ನೂರ ತೊಂಬತ್ತೊಂದರ ಗೆರೆ

ಯಂತ್ರದಣ್ಣನ ಮಾನಕ್ಕೆ ಕುತ್ತು ತಂದದ್ದು ಹೆಬ್ಬೆರಳುದ್ದದ ಒಂದು ಬಾಟಲಿ. ಕೂದಲು ಬೆಳೆಸುವ ಔಷಧಿ. ಮನೆಯಲ್ಲಿಟ್ಟರೆ ಹೆಂಡತಿ ನಗುತ್ತಾಳೆಂದು ಅದನ್ನು ಪ್ರಯೋಗಾಲಯದ ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ. ದಿನಾ ಎಲ್ಲರಿಗಿಂತ ಮೊದಲೇ ಬಂದು, ನೆತ್ತಿಗೆ ನಾಲ್ಕು ಹನಿ ತಿಕ್ಕಿಕೊಂಡು ಟೋಪಿ ಹಾಕಿಕೊಳ್ಳುತ್ತಿದ್ದ.

ಅಲ್ಲಿನ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ನಡೆಸುವವನು ಅವನೇ. ಅದಕ್ಕೇ ಆ ಹೆಸರು. ಅಂದು ಪರೀಕ್ಷೆಗೆ ಬಂದದ್ದು ಅವನ ಮಗಳು ಪುಟ್ಟಿ ಎರಡನೇ ಕ್ಲಾಸು ಓದುವ ಶಾಲೆಯ ಕುಡಿಯುವ ನೀರು. ಅವನು ಅದನ್ನು ಯಂತ್ರಕ್ಕೆ ಹಾಕುತ್ತಿದ್ದಂತೆ, ತಂದುಕೊಟ್ಟ ಟೈಪಿಸ್ಟ್ ಅಕ್ಕ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಳು.

"ಇದರೊಳಗೆ ಏನಾಗತ್ತೆ ಅಣ್ಣಾ?"

"ಮೊರದಲ್ಲಿ ಕೇರಿದ ಹಾಗೆ ಅಂದ್ಕೋ ಅಕ್ಕಾ. ನೀರಿನಲ್ಲಿ ಕರಗಿರೋ ಕಣಗಳಿಗೆ ವಿದ್ಯುತ್ತಿನ ಚಾರ್ಜ್ ಕೊಟ್ಟು, ಗಾಳಿ ತೆಗೆದ ಕೊಳವೆಯಲ್ಲಿ ಓಡಿಸ್ತೀವಿ. ಹಗುರ ಇದ್ದದ್ದು ಮೊದಲು ತಲುಪತ್ತೆ, ಭಾರದ್ದು ಏದುಸಿರು ಬಿಡ್ತಾ ಹಿಂದೆ. ಒಂದೊಂದು ತೂಕಕ್ಕೂ ಪರದೆ ಮೇಲೆ ಒಂದೊಂದು ಗೆರೆ. ತೂಕ ಸಿಕ್ಕರೆ ಕಳ್ಳ ಸಿಕ್ಕ ಹಾಗೇ. ತರಕಾರಿಯ ಕೀಟನಾಶಕ ಇರಲಿ, ಆಟಗಾರರು ಕದ್ದು ನುಂಗಿದ ಮಾತ್ರೆ ಇರಲಿ, ಇದರ ಕಣ್ಣು ತಪ್ಪಿಸೋದು ಕಷ್ಟ."

'ಕದ್ದು' ಎಂದಾಗ ಅವನ ಕೈ ತಾನಾಗಿ ಟೋಪಿ ಸರಿಮಾಡಿತು. ಅಷ್ಟರಲ್ಲಿ ಪರದೆಯ ಮೇಲೆ ಮುನ್ನೂರ ತೊಂಬತ್ತೊಂದರ ಹತ್ತಿರ ಒಂದು ಗೆರೆ ಲೈಟುಕಂಬದ ಹಾಗೆ ಎದ್ದು ನಿಂತಿತು.

"ಅಯ್ಯಯ್ಯೋ, ಮಕ್ಕಳ ನೀರಲ್ಲಿ ವಿಷ!" ಅಕ್ಕನ ದನಿಗೆ ಮೂರು ಕೋಣೆಯ ಜನ ಓಡಿಬಂದರು. ಕೊನೆಗೆ ದೊಡ್ಡ ಮೇಡಂ ಬಂದರು.

"ಶಾಲೆ ಮುಚ್ಚಿಸಬೇಕು" ಎಂದರು.

"ಒಂದ್ನಿಮಿಷ ಮೇಡಂ." ಅವನು ಬರೀ ಶುದ್ಧ ನೀರನ್ನು ಯಂತ್ರಕ್ಕೆ ಹಾಕಿದ. ಅದರಲ್ಲೂ ಅದೇ ಕಂಬ! ಎಂದರೆ ಕೊಳೆ ಶಾಲೆಯದಲ್ಲ, ಈ ಕೋಣೆಯದು.

"ಕೋಣೆಯಲ್ಲಿ ಎಲ್ಲಿಂದ?" ಎಂದರು ಮೇಡಂ. "ಅದು ಗೊತ್ತಾಗದೆ ನಾನು ಸಹಿ ಹಾಕಲ್ಲ. ಅರ್ಧ ಗಂಟೆ ನೋಡ್ತೀನಿ, ಆಮೇಲೆ ಶಾಲೆಗೆ ಫೋನ್."

ಅವನ ನೆತ್ತಿ ಬಿಸಿಯಾಯಿತು. ಬೆಳಿಗ್ಗೆ ಔಷಧಿ ತಿಕ್ಕಿದ ಬೆರಳಿಂದಲೇ ಅಲ್ಲವೇ ಈ ಕೈಗವಸು ಎಳೆದುಕೊಂಡದ್ದು? ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಪುಟ್ಟಿ ನಲ್ಲಿಯ ಮುಂದೆ ಹೆದರಿ ನಿಂತ ಹಾಗೆ ಕಣ್ಣಿಗೆ ಕಟ್ಟಿತು. ಡ್ರಾಯರ್ ತೆರೆದು ಬಾಟಲಿಯನ್ನು ಮೇಜಿನ ಮೇಲಿಟ್ಟ. ಟೋಪಿ ತೆಗೆದ.

"ಮೇಡಂ... ಮೂಲ ನಾನೇ."

ಅಕ್ಕ ಬಾಟಲಿಯನ್ನೂ ಅವನ ನೆತ್ತಿಯನ್ನೂ ನೋಡಿದಳು. "ಅಯ್ಯೋ, ಇದಕ್ಕೇನಾ ಅಣ್ಣಾ ಊಟಕ್ಕೆ ಕೂತಾಗಲೂ ಟೋಪಿ ತೆಗೀತಿರಲಿಲ್ಲ? ನಾನು ತಲೆಗೆ ಪೆಟ್ಟಾಗಿದೆ ಅಂದ್ಕೊಂಡು ಎಷ್ಟು ನೊಂದ್ಕೊಂಡಿದ್ದೆ!"

ಮೇಡಂ ತಮ್ಮದೇ ಕೈಗವಸು ಹಾಕಿಕೊಂಡು ಔಷಧಿಯ ಒಂದು ಹನಿಯನ್ನು ತಾವೇ ಯಂತ್ರಕ್ಕೆ ಹಾಕಿದರು. ಆ ಕಂಬ ಏಳಲಿಲ್ಲ. ಔಷಧಿಯದೆಂಬ ಗೆರೆಯೂ ಏಳಲಿಲ್ಲ.

"ಇದು ಬರೀ ನೀರು ಮತ್ತೆ ಸೆಂಟು ಕಣ್ರೀ. ಎಷ್ಟು ದಿನದಿಂದ ಹಚ್ತಿದ್ದೀರಿ?"

"ಮೂರು ತಿಂಗಳು... ಆದ್ರೆ ಮೇಡಂ, ಇಲ್ಲಿ ಎರಡು ಕೂದಲು ಬಂದಿದೆ."

ಅಕ್ಕ ಬಗ್ಗಿ ನೋಡಿದಳು. "ಅವು ಬಂದಿದ್ದಲ್ಲ ಅಣ್ಣಾ, ಹೋಗದೆ ಉಳಿದವು."

ನಿಜವಾದ ಕಳ್ಳ ಸಿಕ್ಕಿದ್ದು ಆಮೇಲೆ: ಬೆಳಿಗ್ಗೆ ಅವನು ಹೊಸ ಡಬ್ಬಿಯಿಂದ ತೆಗೆದು ಹಾಕಿಕೊಂಡಿದ್ದ ಕೈಗವಸು. ಅದರ ಪ್ಲಾಸ್ಟಿಕ್ಕಿನ ಅಂಶ ನೀರಿಗೆ ಸೇರುತ್ತಿತ್ತು. ಬೇರೆ ಕೈಗವಸು ಹಾಕಿ ನೋಡಿದರೆ ಶಾಲೆಯ ನೀರು ಸ್ವಚ್ಛ. ಅವನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಆದರೆ ಅಂದು ಯಂತ್ರಕ್ಕೆ ಹಾಕಿದ್ದೆಲ್ಲ ವರದಿಗೆ ಬರಬೇಕು, ಅದು ಅಲ್ಲಿನ ನಿಯಮ. ಅಕ್ಕ ಗಟ್ಟಿಯಾಗಿ ಓದುತ್ತಾ ಟೈಪ್ ಮಾಡಿದಳು: "ಯಂತ್ರ ನಡೆಸುವವರ ತಲೆಯ ಔಷಧಿ: ಔಷಧಿಯ ಅಂಶವಿಲ್ಲ. ಅಪಾಯವಿಲ್ಲ."

"ಅಕ್ಕಾ, ಅದೊಂದು ಸಾಲು ಬಿಟ್ಬಿಡು."

"ಬಿಟ್ರೆ ಸುಳ್ಳು ವರದಿ ಆಗಲ್ವಾ ಅಣ್ಣಾ?"

ಹೆಸರೇನೂ ಹಾಕಿಲ್ಲವಲ್ಲ, ಇಷ್ಟಕ್ಕೂ ವರದಿ ಯಾರು ಓದುತ್ತಾರೆ ಎಂದು ಸಮಾಧಾನ ಮಾಡಿಕೊಂಡು, ಸಂಜೆ ಮಗಳನ್ನು ಕರೆತರಲು ಹೋದ. ಶಾಲೆಯ ಗೇಟಿನ ಮುಂದೆ ಜಾತ್ರೆಯಷ್ಟು ಜನ. ವಿಷದ ಸುದ್ದಿ ಹೇಗೋ ಹಬ್ಬಿದ್ದರಿಂದ, ಅಪ್ಪ ಅಮ್ಮಂದಿರ ಭಯ ಹೋಗಲೆಂದು ಶಾಲೆಯ ಹೆಡ್ ಮೇಡಂ ವರದಿಯನ್ನು ಪೂರ್ತಿಯಾಗಿ ನೋಟೀಸು ಬೋರ್ಡಿಗೆ ಅಂಟಿಸಿದ್ದರು.

ಎಲ್ಲರಿಗಿಂತ ಮುಂದೆ ಪುಟ್ಟಿ. ಅಕ್ಷರಕ್ಕೊಂದು ಬೆರಳಿಟ್ಟು ಗೆಳತಿಯರಿಗೆ ಓದಿ ಹೇಳುತ್ತಿದ್ದಳು. ಅಪ್ಪನನ್ನು ಕಂಡದ್ದೇ ಮುಖ ಹೂವಾಯಿತು.

"ನಮ್ಮಪ್ಪ ಬಂದ್ರು! ಆ ತಲೆ ಇವರದೇ ಕಣ್ರೇ! ಸ್ವಲ್ಪ ಬಗ್ಗಪ್ಪಾ, ಎಲ್ಲರೂ ನೋಡಬೇಕಂತೆ!"