ಚಂದ್ರ ಬೇ...

ಟೈಲರಣ್ಣನಿಗೆ ಒಂದೇ ಒಂದು ದುರಭ್ಯಾಸ. ಎದುರಿನವರು ಮಾತು ಮುಗಿಸುವ ಮೊದಲೇ "ಆಯ್ತು, ಆಯ್ತು" ಎಂದುಬಿಡುತ್ತಿದ್ದ. ನಮ್ಮ ಮಾತಿನಲ್ಲಿ ಬೇಕೋ ಬೇಡವೋ ಗೊತ್ತಾಗುವುದೇ ಬಾಲದಲ್ಲಿ. ಈ ಪುಣ್ಯಾತ್ಮ ಆ ಬಾಲವನ್ನೇ ಕತ್ತರಿಸುತ್ತಿದ್ದ. ಕತ್ತರಿ ಹಿಡಿದ ಕೈ, ಏನು ಮಾಡುವುದು!

ಅವತ್ತು ಬೆಳಿಗ್ಗೆ ಶಾಲೆಯ ಹೆಡ್‌ಮೇಡಂ ಫೋನ್ ಮಾಡಿದರು. "ಸಂಜೆ ಐದಕ್ಕೆ ಮಕ್ಕಳ ನಾಟಕ. ಕಳ್ಳ ಬರೋ ದೃಶ್ಯಕ್ಕೆ ಒಂದು ಕಪ್ಪು ರೆಕ್ಸಿನ್ ಪರದೆ ಹೊಲಿದುಕೊಡಿ. ಚೆನ್ನಾಗಿ ಬಂದ್ರೆ ಈ ವರ್ಷದ ಯೂನಿಫಾರ್ಮೆಲ್ಲ ನಿಮಗೇ. ಹಾಂ, ಪರದೆ ಮೇಲೆ ಚಂದ್ರ ಬೇ..."

"ಆಯ್ತು ಮೇಡಂ, ಆಯ್ತು!" ಫೋನ್ ಇಟ್ಟೇಬಿಟ್ಟ.

ಆರುನೂರು ಮಕ್ಕಳ ಯೂನಿಫಾರ್ಮು! ಎರಡು ತಿಂಗಳಿಂದ ಬರೀ ಹರಿದ ಜಿಪ್ಪು, ಬಿದ್ದ ಗುಂಡಿ ಹಾಕಿಕೊಡುತ್ತ ಕೂತಿದ್ದವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಿಳಿ ಸ್ಯಾಟಿನ್‌ನಲ್ಲಿ ಎಳೆ ಚಂದ್ರನನ್ನು ಕತ್ತರಿಸಿ, ಹೊಟ್ಟೆ ಬಲಕ್ಕೆ ಮಾಡಿ ಪರದೆಯ ಒಂದು ಮೂಲೆಗೆ ಹೊಲಿದ.

ಪಕ್ಕದಂಗಡಿಯ ವಾಚ್ ರಿಪೇರಿಯವ ಇಣುಕಿದ. "ಏನಣ್ಣಾ, ಚಂದ್ರನ್ನ ಉಲ್ಟಾ ಮಾಡಿದ್ದೀಯಲ್ಲ! ಇವತ್ತು ಬೆಳಗಿನ ಜಾವ ನಾನೇ ಕಣ್ಣಾರೆ ನೋಡ್ದೆ, ಹೊಟ್ಟೆ ಎಡಕ್ಕಿತ್ತು."

ಟೈಲರಣ್ಣ ಹೊಲಿಗೆ ಬಿಚ್ಚಿದ. ಅದೇ ತೂತುಗಳ ಮೇಲೆ ಮತ್ತೆ ಹೊಲಿದರೆ ರೆಕ್ಸಿನ್ ಹರಿಯುತ್ತದೆ. ಹಾಗಾಗಿ ಚಂದ್ರನನ್ನು ಮಗುಚಿ, ಪರದೆಯ ಇನ್ನೊಂದು ಮೂಲೆಗೆ ಹೊಲಿದ. ಅಷ್ಟರಲ್ಲಿ ಪ್ಯಾಂಟು ಒಯ್ಯಲು ರಿಟೈರ್ಡ್ ವಿಜ್ಞಾನದ ಮೇಷ್ಟ್ರು ಬಂದು ಕಥೆಯೆಲ್ಲ ಕೇಳಿದರು.

"ಇಬ್ರೂ ಸರಿ ಕಣಯ್ಯಾ," ಎಂದರು ಮೇಷ್ಟ್ರು. "ಚಂದ್ರನಿಗೆ ಸ್ವಂತ ಬೆಳಕು ಎಲ್ಲಿದೆ? ಸೂರ್ಯ ಯಾವ ಕಡೆಯೋ ಆ ಕಡೆ ಹೊಟ್ಟೆ ಬೆಳಗುತ್ತೆ. ಎಳೆ ಚಂದ್ರನಿಗೆ ಸಂಜೆ ಆದ್ರೆ ಬಲಕ್ಕೆ, ಬೆಳಗಿನ ಜಾವ ಆದ್ರೆ ಎಡಕ್ಕೆ. ನಿನ್ನ ಕಳ್ಳ ಬರೋದು ಎಷ್ಟೊತ್ತಿಗೆ?"

"ಕಳ್ಳ ಟೈಮ್ ಹೇಳಿ ಬರ್ತಾನಾ ಮೇಷ್ಟ್ರೇ?"

ಒಳಗಿನಿಂದ ಅತ್ತೆ ಬಂದು ಪರದೆ ನೋಡಿ ಮೂಗು ಮುರಿದರು. "ಇದೇನು ಅಳಿಯಂದ್ರೇ, ಕತ್ತರಿಸಿ ಎಸೆದ ಉಗುರಿನ ಹಾಗಿದೆ! ಚಂದ್ರ ಅಂದ್ಮೇಲೆ ದುಂಡಗಿರಬೇಕಪ್ಪ."

"ಅದೂ ಸರಿಯೇ," ಎಂದರು ಮೇಷ್ಟ್ರು. "ಹುಣ್ಣಿಮೆ ಚಂದ್ರ ರಾತ್ರಿಯಿಡೀ ಇರ್ತಾನೆ. ಕಳ್ಳ ಯಾವಾಗ ಬಂದ್ರೂ ಅಡ್ಡಿಯಿಲ್ಲ. ಸಂಜೆ ನಾನೂ ಬರ್ತೀನಿ, ಕಳ್ಳನ ಪಾರ್ಟು ನನ್ನ ಮೊಮ್ಮಗಳದ್ದೇ."

ಮತ್ತೆ ಬಿಚ್ಚಿದ್ದಾಯಿತು. ನಟ್ಟನಡುವೆ ತಟ್ಟೆಯಗಲದ ಚಂದ್ರ ಬಂದಾಯಿತು. ಊಟ ಬಿಟ್ಟು, ಬೆವರು ಸುರಿಸಿಕೊಂಡು ಶಾಲೆಗೆ ಓಡಿ ವೇದಿಕೆಯ ಮೇಲೆ ಪರದೆ ಬಿಡಿಸಿದರೆ ಹೆಡ್‌ಮೇಡಂ ಹೌಹಾರಿದರು.

"ಅಯ್ಯೋ, ಇದೇನ್ರೀ! ದೃಶ್ಯ ಇರೋದು ಅಮಾವಾಸ್ಯೆ ರಾತ್ರಿ. ಚಂದ್ರ ಬೇಡ, ಬೇಡ ಅಂತ ಬಡ್ಕೊಂಡ್ನಲ್ಲ!"

ಟೈಲರಣ್ಣನಿಗೆ ಯೂನಿಫಾರ್ಮು ಕೈಬಿಟ್ಟು ಹೋಗುವುದು ಕಣ್ಣಿಗೆ ಕಟ್ಟಿತು. ಅಲ್ಲೇ ಕೂತು ಹುಣ್ಣಿಮೆಯನ್ನು ಬಿಚ್ಚಿ ಜೇಬಿಗೆ ತುರುಕಿದ. ರೆಕ್ಸಿನ್‌ಗೆ ಒಮ್ಮೆ ಸೂಜಿ ಹೊಕ್ಕರೆ ತೂತು ಮುಚ್ಚುವುದಿಲ್ಲ. ಆದರೇನು, ಕಪ್ಪಿನ ಮೇಲೆ ಯಾರಿಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡ.

ನಾಟಕ ಶುರುವಾಯಿತು. ಮೇಷ್ಟ್ರ ಮೊಮ್ಮಗಳು ಮೀಸೆ ಅಂಟಿಸಿಕೊಂಡು ತಡವರಿಸುತ್ತ ಬಂದಳು. "ಅಬ್ಬಬ್ಬಾ, ಎಂಥಾ ಕತ್ತಲೆ! ನನ್ನ ಕೈ ನನಗೇ ಕಾಣ್ತಿಲ್ಲ!"

ಸರಿಯಾಗಿ ಆಗಲೇ ಸಂಜೆಯ ಸೂರ್ಯ ವೇದಿಕೆಯ ಹಿಂದಿನ ಕಿಟಕಿಗೆ ಇಳಿದ. ಪರದೆಯ ತೂತುಗಳೆಲ್ಲ ಒಟ್ಟಿಗೆ ಫಳಫಳಿಸಿದವು. ಬಲಕ್ಕೊಂದು, ಎಡಕ್ಕೊಂದು, ನಡುವೆ ದುಂಡಗೊಂದು; ಅಮಾವಾಸ್ಯೆಯ ದಿನ ಮೂರು ಚಂದ್ರರು! ಹಾಲ್ ಬಿದ್ದು ಬಿದ್ದು ನಕ್ಕಿತು. ಟೈಲರಣ್ಣ ಬಾಗಿಲ ಕಡೆ ಮೆಲ್ಲಗೆ ಜಾರತೊಡಗಿದ.

ಅಷ್ಟರಲ್ಲಿ ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಭೇಷ್! ಸೂರ್ಯನ ಬೆಳಕಲ್ಲೇ ಚಂದ್ರ! ಮೂವತ್ತು ವರ್ಷ ಪಾಠ ಹೇಳಿದ್ರೂ ನನಗೆ ಹೀಗೆ ತೋರಿಸೋಕಾಗ್ಲಿಲ್ಲ ಕಣ್ರಯ್ಯಾ!"

ನಗುತ್ತಿದ್ದವರೆಲ್ಲ ಚಪ್ಪಾಳೆಗೆ ತಿರುಗಿದರು. ಹೆಡ್‌ಮೇಡಂ ಮುಖ ಅರಳಿತು. ನಾಟಕ ಮುಗಿದ ಮೇಲೆ ಟೈಲರಣ್ಣನನ್ನು ವೇದಿಕೆಗೆ ಕರೆದು ಮೈಕ್ ಹಿಡಿದರು. "ನೀವು ಬರೀ ಟೈಲರ್ ಅಲ್ಲ, ಕಲಾವಿದರು! ಇನ್ಮೇಲೆ ನಮ್ಮ ನಾಟಕದ ಪರದೆಯೆಲ್ಲ ನಿಮ್ಮದೇ ಸೇವೆ. ಇಂಥ ಕೈಗೆ ಆ ಯೂನಿಫಾರ್ಮ್ ಕೆಲಸ ಬೇ..."

"ಆಯ್ತು ಮೇಡಂ, ಆಯ್ತು!" ಟೈಲರಣ್ಣ ಸಂತೋಷ ತಡೆಯಲಾರದೆ ಕೈಮುಗಿದ.

ಮೇಡಂ ಸಭೆಯ ಕಡೆ ತಿರುಗಿದರು. "ನೋಡಿ, ಎಷ್ಟು ದೊಡ್ಡ ಮನಸ್ಸು! 'ಬೇಡ' ಅಂದ್ರೆ ಎಲ್ಲಿ ಬೇಜಾರು ಮಾಡ್ಕೋತಾರೋ ಅಂತಿದ್ದೆ. ಮಾತು ಮುಗಿಯೋಕೆ ಮುಂಚೆನೇ ಒಪ್ಕೊಂಡ್ಬಿಟ್ರು!"