ಹದಿನೆಂಟನೇ ಮರ

ಬಿರುಗಾಳಿಗೆ ಬಿದ್ದ ಮರವು, ಬಿದ್ದಿದೆಯೆಂದು ಇಲಾಖೆ ಬರೆದುಕೊಳ್ಳುವವರೆಗೆ ನಿಂತೇ ಇರುತ್ತದೆ. ಇದು ನಿಯಮ. ಬಡಗಿಗೆ ಈ ನಿಯಮ ಗೊತ್ತಾದದ್ದು, ಅವನ ಹಿತ್ತಲಿನ ಮರ ಒಂದು ಬೆಳಿಗ್ಗೆ ಕೆಲಸದ ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಮಲಗಿದ ಮೇಲೆ.

ಶೆಡ್ಡಿನೊಳಗೆ ಒಂದು ತೊಟ್ಟಿಲಿತ್ತು. ಎಂಟು ತಿಂಗಳ ಬಸುರಿ ಮಗಳಿಗಾಗಿ, ಊರವರ ಮೇಜು ಕುರ್ಚಿಗಳನ್ನೆಲ್ಲ ಕಾಯಿಸಿ, ಒಂದು ಮೊಳೆಯನ್ನೂ ಹೊಡೆಯದೆ ಮರಕ್ಕೆ ಮರ ಕಚ್ಚಿಸಿ ಮಾಡಿದ್ದ. ಬಿಚ್ಚಿದರೆ ಸೌದೆ. ಕಿಟಕಿಯಲ್ಲಿ ಮನುಷ್ಯ ಹೊಟ್ಟೆ ಎಳೆದುಕೊಂಡು ತೂರಬಹುದಿತ್ತು. ತೊಟ್ಟಿಲಿಗೆ ಹೊಟ್ಟೆ ಎಳೆದುಕೊಳ್ಳಲು ಬರುವುದಿಲ್ಲ.

ಗರಗಸ ಹಿಡಿದವನಿಗೆ ಅದು ಅರ್ಧ ದಿನದ ಕೆಲಸ. ಆದರೆ ಹಿಂದಿನ ಗಾಳಿಯಲ್ಲಿ, ಕೇಳದೆ ಒಂದು ಕೊಂಬೆ ಕತ್ತರಿಸಿದ್ದಕ್ಕೆ ಪಕ್ಕದ ಮನೆಯ ದರ್ಜಿಯ ಕತ್ತರಿಯನ್ನು ಇಲಾಖೆ ಸಾಕ್ಷ್ಯವೆಂದು ಒಯ್ದಿತ್ತು. ದರ್ಜಿ ಈಗಲೂ ದಾರವನ್ನು ಹಲ್ಲಿನಲ್ಲೇ ಹರಿಯುತ್ತಾನೆ. ಬಡಗಿಯ ಹಲ್ಲು ಮರ ಕೊಯ್ಯುವಷ್ಟು ಗಟ್ಟಿಯಿರಲಿಲ್ಲವಾದ್ದರಿಂದ ಅವನು ಅರ್ಜಿ ಕೊಟ್ಟ.

ನಾಲ್ಕನೇ ದಿನ ಮರ ನಿರೀಕ್ಷಕರು ಬಂದರು. ಊರಿನ ಪ್ರತಿ ಮರಕ್ಕೂ ಇಲಾಖೆ ಎದೆಯೆತ್ತರದಲ್ಲಿ ಬಿಳಿ ಬಣ್ಣದ ಸಂಖ್ಯೆ ಬರೆಸಿತ್ತು. ಈ ಮರ, ಏನು ಮುನಿಸೋ, ತನ್ನ ಸಂಖ್ಯೆಯನ್ನು ಅಡಿಗೆ ಹಾಕಿಕೊಂಡು ಬಿದ್ದಿತ್ತು. ನಿರೀಕ್ಷಕರು ಎರಡು ಸುತ್ತು ಬಂದು, ಕಡತ ಬಿಚ್ಚಿ, ನಿಂತಲ್ಲೇ ಓದಿದರು: "ನಿಯಮ ಹದಿನಾಲ್ಕು. ಸಂಖ್ಯೆ ದಾಖಲಾಗದ ಮರವನ್ನು ಯಾರೂ ಕಡಿಯತಕ್ಕದ್ದಲ್ಲ, ಸರಿಸತಕ್ಕದ್ದಲ್ಲ, ಹೊರಳಿಸತಕ್ಕದ್ದಲ್ಲ."

ಹೊರಳಿಸದೆ ಸಂಖ್ಯೆ ಕಾಣುವುದಿಲ್ಲವಲ್ಲ ಎಂದು ಬಡಗಿ ಕೇಳಿದ. ಹೌದೆಂದು ನಿರೀಕ್ಷಕರು ಒಪ್ಪಿಕೊಂಡರು. ಎಡಗಡೆ ಮನೆಯದು 17, ಬಲಗಡೆಯದು 19, ನಡುವಿನ ಇದು ಮತ್ತೇನಾಗಿರಲು ಸಾಧ್ಯ ಎಂದೂ ಕೇಳಿದ. ಊಹೆಯ ಮೇಲೆ ಮೊಹರು ಹಾಕಲಾಗದೆಂದು ಉತ್ತರ ಬಂತು.

ಆಗ ಬಡಗಿಯ ಹೆಂಡತಿ ಒಳಗಿನಿಂದ ಮುಖ ನೋಡಿಕೊಳ್ಳುವ ಕನ್ನಡಿ ತಂದಳು. ಕಾಂಡ ಶೆಡ್ಡಿನ ಮೆಟ್ಟಿಲ ಮೇಲೆ ಒರಗಿದ್ದುದರಿಂದ ಅಡಿಯಲ್ಲಿ ಒಂದು ಗೇಣು ಸಂದಿಯಿತ್ತು. ನಿರೀಕ್ಷಕರು ಚಾಪೆಯ ಮೇಲೆ ಬೋರಲು ಮಲಗಿ, ಕನ್ನಡಿ ತೂರಿಸಿ, ಬಹಳ ಹೊತ್ತು ನೋಡಿ, 81 ಎಂದು ಬರೆದುಕೊಂಡರು.

"ಸಾರ್, ಕನ್ನಡೀಲಿ ಹಿಂದುಮುಂದಾಗಿ ಕಾಣುತ್ತೆ. ಅದು 18," ಎಂದ ಬಡಗಿ.

"ನನಗೂ ಗೊತ್ತಪ್ಪ," ಎಂದರು ನಿರೀಕ್ಷಕರು, ಮೊಣಕೈ ಮಣ್ಣು ಕೊಡವುತ್ತ. "ಆದ್ರೆ ಕಂಡಿದ್ದನ್ನ ಬರೆಯೋಕೆ ಕಾಲಂ ಇದೆ. ಗೊತ್ತಿರೋದನ್ನ ಬರೆಯೋಕೆ ಇಲ್ಲ."

ಕೆಟ್ಟ ಮನುಷ್ಯರೇನಲ್ಲ. ಹೋಗುವಾಗ ಕನ್ನಡಿಯನ್ನು ತಮ್ಮ ಅಂಗಿಯಲ್ಲೇ ಒರೆಸಿ ಕೊಟ್ಟರು.

ಹತ್ತು ದಿನಕ್ಕೆ ಆದೇಶ ಹೊರಟಿತು: 81ನೇ ಮರ ಬಿದ್ದಿರುವುದು ದೃಢಪಟ್ಟಿದ್ದು ಕೂಡಲೇ ತೆರವುಗೊಳಿಸತಕ್ಕದ್ದು. 81ನೇ ಮರ ಇಲಾಖೆಯ ಅಂಗಳದಲ್ಲೇ ಇತ್ತು, ನೆಟ್ಟಗೆ, ಮೈತುಂಬ ಎಲೆ ಹೊತ್ತು. ಬಡಗಿ ಓಡಿಹೋಗಿ ಹಿರಿಯ ಅಧಿಕಾರಿಗಳನ್ನು ಅದರ ಬುಡಕ್ಕೇ ಕರೆತಂದು ತೋರಿಸಿದ. ಅವರು ಮರದ ನೆರಳಿನಲ್ಲಿ ನಿಂತು ಆದೇಶವನ್ನು ಎರಡು ಸಲ ಓದಿದರು. ದಾಖಲೆ ಪ್ರಕಾರ ಮರ ಬಿದ್ದಿದೆ, ಇನ್ನೂ ನಿಂತಿರುವುದು ಮರದ ಕಡೆಯಿಂದ ಆದ ಲೋಪ ಎಂದರು. ಲೋಪವನ್ನು ಮಧ್ಯಾಹ್ನದೊಳಗೆ ಸರಿಪಡಿಸಲಾಯಿತು. ಕೊಡಲಿ ಬಿದ್ದ ಮರ ಇಲಾಖೆಯ ಮುಂಬಾಗಿಲಿಗೇ ಅಡ್ಡಲಾಗಿ ಉರುಳಿತು, ಸಂಖ್ಯೆ ಅಡಿಗೆ.

ಇದೇ 81 ಎಂಬುದಕ್ಕೆ ಪುರಾವೆ ಕಾಣದಾದ್ದರಿಂದ ನಿಯಮ ಹದಿನಾಲ್ಕು ಅನ್ವಯವಾಯಿತು. ಅಧಿಕಾರಿಗಳು ಕಿಟಕಿಯಿಂದ ಹತ್ತಿಳಿಯತೊಡಗಿದರು. ವಾರದಲ್ಲಿ ಸುತ್ತೋಲೆ ಬಂತು: ಏಕರೂಪತೆಯ ದೃಷ್ಟಿಯಿಂದ ಸಾರ್ವಜನಿಕರೂ ಇನ್ನು ಮುಂದೆ ಎಲ್ಲ ಕಟ್ಟಡಗಳಲ್ಲಿ ಕಿಟಕಿಯನ್ನೇ ಬಳಸತಕ್ಕದ್ದು. ಜನ ಎರಡು ದಿನ ಗೊಣಗಿದರು. ಮೂರನೆಯ ದಿನ ಬಡಗಿಯ ಹತ್ತಿರ ಸಾಲುಗಟ್ಟಿ ಕಿಟಕಿ ಹತ್ತಲು ಮಣೆ ಮಾಡಿಸಿಕೊಂಡು ಹೋದರು. ಬಾಗಿಲಿಗಿಂತ ಗಾಳಿ ಚೆನ್ನಾಗಿ ಬರುತ್ತದೆಂದು ದರ್ಜಿ ಹೇಳಿದ.

ಈ ನಡುವೆ ಮಗಳಿಗೆ ಹೆರಿಗೆಯಾಯಿತು, ಗಂಡು ಕೂಸು. ತೊಟ್ಟಿಲು ಮಾತ್ರ ಇದ್ದಲ್ಲೇ ಇತ್ತು. ಬಡಗಿ ಮಗಳ ಮುಖ ನೋಡಲಾರದೆ ಓಡಾಡುತ್ತಿದ್ದ; ಊರಿಗೆಲ್ಲ ಮಣೆ ಮಾಡಿಕೊಟ್ಟ ಕೈಗೆ ಮೊಮ್ಮಗನನ್ನು ತೂಗುವ ಭಾಗ್ಯವಿಲ್ಲವೆಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ.

"ತೊಟ್ಟಿಲು ಹೊರಗೆ ಬರದಿದ್ರೆ ಏನಂತೆ, ಮಗುನೇ ಒಳಗೆ ಹೋಗ್ಲಿ ಬಿಡಪ್ಪ," ಎಂದಳು ಮಗಳು.

ಅಂದಿನಿಂದ ದಿನಾ ಊಟವಾದ ಮೇಲೆ ಅಜ್ಜ ಒಳಗೆ, ಅಜ್ಜಿ ಹೊರಗೆ, ನಡುವೆ ಕಿಟಕಿಯಲ್ಲಿ ಕೂಸು. ಬಡಗಿ ಒಂದು ಕೈಯಲ್ಲಿ ಉಜ್ಜುಗೊರಡು ಹಿಡಿದು, ಇನ್ನೊಂದರಲ್ಲಿ ತೂಗುತ್ತಿದ್ದ. ವರ್ಷದ ತಪಾಸಣೆಗೆ ಬಂದ ನಿರೀಕ್ಷಕರು ಮರದ ಮೇಲೆ ಕುಳಿತು ಬೆವರು ಒರೆಸಿಕೊಂಡು, '18: ನಿಂತಿದೆ, ಸುಸ್ಥಿತಿ' ಎಂದು ಬರೆದು, ಕೂಸಿನ ಗಲ್ಲ ಚಿವುಟಿ ಹೋದರು.

ಮಾರನೆಯ ವರ್ಷ ಇನ್ನೊಂದು ಬಿರುಗಾಳಿ ಬೀಸಿತು. ಗಾಳಿಗೆ ನಿಯಮ ಹದಿನಾಲ್ಕನ್ನು ಯಾರೂ ಓದಿ ಹೇಳಿರಲಿಲ್ಲ. ಅದು ಮರವನ್ನು ಮೆಟ್ಟಿಲಿನಿಂದಾಚೆ ಉರುಳಿಸಿಬಿಟ್ಟಿತು. ಸಂಖ್ಯೆ ಮೇಲಕ್ಕೆ ಬಂದಿತ್ತು, 18, ಹೊಸದಾಗಿ ಬರೆದಷ್ಟು ಬೆಳ್ಳಗೆ.

ಬಡಗಿ ಒಳಗಿನಿಂದ ಅಗುಳಿ ಸರಿಸಿ ಬಾಗಿಲು ತೆಗೆದ. ಬೆಳಕು ತೊಟ್ಟಿಲಿನವರೆಗೂ ಬಂತು. ಅದರಲ್ಲಿ ಈಗ ಹುಡುಗನ ಕಾಲು ಹಿಡಿಸುತ್ತಿರಲಿಲ್ಲ. ಎಷ್ಟೋ ದಿನದಿಂದ ಕಾದಿದ್ದ ಬಾಗಿಲು ಅದು. ಬಡಗಿ ಮೊಮ್ಮಗನತ್ತ ಕೈ ಚಾಚಿದ.

"ಬಾ ಪುಟ್ಟ, ಇವತ್ತು ಬಾಗಿಲಿಂದ ಹೋಗೋಣ."

ಹುಡುಗ ಬಾಗಿಲನ್ನು ನೋಡಿದ, ಅಜ್ಜನನ್ನು ನೋಡಿದ. ಆಮೇಲೆ ಕಿಟಕಿಯ ಕೆಳಗೆ ಹೋಗಿ ನಿಂತು, ಎತ್ತಿಕೋ ಎಂದು ಎರಡೂ ಕೈ ಮೇಲೆತ್ತಿದ. ಆಚೆ ಕಡೆಯಿಂದ ಅಜ್ಜಿಯ ಕೈಗಳೂ ಆಗಲೇ ಚಾಚಿದ್ದವು.

ಬಡಗಿ ಅವನನ್ನು ಎತ್ತಿ ಕೊಟ್ಟ. ಬಾಗಿಲು ಮುಚ್ಚಿ ಅಗುಳಿ ಹಾಕಿದ. ಆಮೇಲೆ ಹೊಟ್ಟೆ ಎಳೆದುಕೊಂಡು ತಾನೂ ಕಿಟಕಿಯಿಂದ ಇಳಿದ.